ಕೊಂಪಿಯೊಳಗಿನ ಹಬ್ಬ



ಹಬ್ಬದ ದಿನ ರೇಡಿಯೋದಲ್ಲಿ ಮಾತಾಡುವವರಿಗೆ ಒಂದು ಕಷ್ಟವಿದೆ. ಕೆಂಪು ದೀಪ ಹತ್ತಿದ ಕೂಡಲೇ ನಗಬೇಕು. ನಮ್ಮ ನಗು ನಿಮಗೆ ಕಾಣುವುದಿಲ್ಲ, ಆದರೆ ಕೇಳಿಸುತ್ತದೆ. ತುಟಿ ಅರಳದೆ ಹೇಳಿದರೆ ‘ಹಬ್ಬದ ಹಾರ್ದಿಕ ಶುಭಾಶಯಗಳು’ ಅನ್ನುವುದು ಕರೆಂಟ್ ಬಿಲ್ಲು ಓದಿದ ಹಾಗಿರುತ್ತದೆ ಎಂದು ನನಗೆ ಕೆಲಸ ಕಲಿಸಿದ ಹಿರಿಯ ಉದ್ಘೋಷಕರು ಹೇಳುತ್ತಿದ್ದರು. ಹತ್ತು ಹನ್ನೆರಡು ವರ್ಷದಿಂದ ನಾನೂ ಹಾಗೇ ನಕ್ಕು ಹೇಳುತ್ತ ಬಂದಿದ್ದೇನೆ. 2024ರ ದಸರೆಯಲ್ಲಿ ಮಾತ್ರ ತುಟಿ ನನ್ನ ಮಾತು ಕೇಳಲಿಲ್ಲ.

ಆ ವರ್ಷ ಶ್ರಾವಣದಲ್ಲಿ ನಮ್ಮ ಅಪ್ಪ ತೀರಿಕೊಂಡರು. ನಮ್ಮದು ಬೀದರ್ ಜಿಲ್ಲೆ, ಭಾಲ್ಕಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಅಪ್ಪ ಕಡೆಯವರೆಗೂ ಒಕ್ಕಲುತನ ಮಾಡಿಕೊಂಡಿದ್ದವರು. ಹೊಲವನ್ನು ಪಾಲಿಗೆ ಹಚ್ಚಿ, ಅವ್ವನನ್ನು ಇಲ್ಲಿಗೆ, ಹೈದರಾಬಾದಿಗೆ, ಕರೆದುಕೊಂಡು ಬಂದೆವು. ನಮ್ಮ ಮನೆತನದಲ್ಲಿ ಸಾವಾದರೆ ವರ್ಷ ತುಂಬುವವರೆಗೆ ಹಬ್ಬ ಮಾಡುವುದಿಲ್ಲ. ಸೂತಕವೇ ಇಲ್ಲ ಎಂದು ಹನ್ನೆರಡನೆಯ ಶತಮಾನದಲ್ಲೇ ಶರಣರು ಸಾರಿದ ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಏನು ಮಾಡೋಣ, ಆ ಸುದ್ದಿ ನಮ್ಮೂರಿಗೆ ಇನ್ನೂ ಪೂರ್ತಿ ಮುಟ್ಟಿಲ್ಲ.

ಹೀಗಾಗಿ ಬಾಗಿಲಿಗೆ ತೋರಣವಿಲ್ಲ, ಒಲೆಯ ಮೇಲೆ ಹೂರಣವಿಲ್ಲ, ಏಳು ವರ್ಷದ ಮಗಳಿಗೆ ಹೊಸ ಬಟ್ಟೆಯಿಲ್ಲ. ಬೆಳಿಗ್ಗೆ ಸ್ಟುಡಿಯೋದಲ್ಲಿ ಕೂತು ಇಡೀ ಊರಿಗೆ ‘ಸಂಭ್ರಮದಿಂದ ಹಬ್ಬ ಆಚರಿಸಿ’ ಎನ್ನುವುದು, ಸಂಜೆ ಹಬ್ಬವಿಲ್ಲದ ಮನೆಗೆ ಬಂದು ಚಪ್ಪಲಿ ಬಿಡುವುದು. ಇವೆರಡರಲ್ಲಿ ಯಾವುದೋ ಒಂದು ಸುಳ್ಳು ಅನ್ನಿಸುತ್ತಿತ್ತು. ಯಾವುದು ಎಂದು ಹೇಳಲು ಆಗುತ್ತಿರಲಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಪ್ರತಿ ವರ್ಷ ಬತುಕಮ್ಮ ಆಡುತ್ತಾರೆ. ಈ ಹಬ್ಬ ಶುರುವಾಗುವುದು ಮಹಾಲಯ ಅಮಾವಾಸ್ಯೆಯ ದಿನ ಎಂಬುದನ್ನು ಇಲ್ಲಿರುವ ನಾವೆಲ್ಲ ಕಂಡಿದ್ದೇವೆ. ತೆಲಂಗಾಣದವರು ಅದನ್ನು ಪೆತ್ರಮಾಸ ಅನ್ನುತ್ತಾರೆ. ಬೆಳಿಗ್ಗೆ ಹಿರಿಯರಿಗೆ ಎಡೆ, ಸಂಜೆ ಹೂವಿನ ಗೋಪುರದ ಸುತ್ತ ಚಪ್ಪಾಳೆ. ಸತ್ತವರೂ ಹಬ್ಬವೂ ಒಂದೇ ದಿನದಲ್ಲಿ ಹೊಂದಿಕೊಂಡು ಹೋಗುವುದನ್ನು ಹದಿನೈದು ವರ್ಷ ನೋಡಿದ್ದೆ, ಗಮನಿಸಿರಲಿಲ್ಲ. ನಮ್ಮ ಕಡೆ ತಂಗಡಿ ಎನ್ನುವ ಆ ಹಳದಿ ಹೂವನ್ನು ಇವರು ತಂಗೇಡು ಎನ್ನುತ್ತಾರೆ. ಅವ್ವ ಬಾಲ್ಕನಿಯಲ್ಲಿ, ಒಣಗಲು ಹಾಕಿದ ಬಟ್ಟೆಯ ಹಿಂದೆ ನಿಂತು ಕೆಳಗೆ ನೋಡುತ್ತಿದ್ದಳು. ಎದುರುಮನೆಯ ಆಂಟಿ ಎರಡು ಸಲ ಮೇಲೆ ಬಂದು ಕರೆದರು. “ನಂಗ ಬ್ಯಾಡ್ರಿ, ನಾ ಇಲ್ಲಿಂದೇ ನೋಡ್ತೀನಿ” ಅಂದಳು. ಕುಂಕುಮದ ತಟ್ಟೆಯ ಹತ್ತಿರ ತಾನು ಹೋಗಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಯಾರೂ ಹೇಳಬೇಕಾಗಿಯೂ ಇರಲಿಲ್ಲ, ನೋಡಿ.

ಒಂಬತ್ತನೆಯ ದಿನ, ಸದ್ದುಲ ಬತುಕಮ್ಮದಂದು, ಅದೇ ಆಂಟಿ ಒಂದು ಸ್ಟೀಲ್ ಡಬ್ಬಿಯಲ್ಲಿ ಮಲೀದದ ಉಂಡೆ ತಂದುಕೊಟ್ಟರು. ರೊಟ್ಟಿಯನ್ನು ಬೆಲ್ಲದ ಜೊತೆ ಕೈಯಲ್ಲಿ ತಿಕ್ಕಿ, ತುಪ್ಪ ಹಾಕಿ ಕಟ್ಟುವ ಉಂಡೆ. ಅವ್ವ ಡಬ್ಬಿ ತೆಗೆದುಕೊಂಡು ಫ್ರಿಜ್ಜಿನ ಮೇಲಿಟ್ಟಳು. “ಈ ವರ್ಷ ನಮಗ ನಡಿಯಂಗಿಲ್ಲ” ಅಂದಳು. ರಾತ್ರಿ ಮಗಳು ಕುರ್ಚಿ ಹಾಕಿಕೊಂಡು ಹತ್ತಿ ಎರಡು ಉಂಡೆ ತಿಂದಿದ್ದು ನನಗೆ ಗೊತ್ತು. ನಾನೇನೂ ಅನ್ನಲಿಲ್ಲ.

ಅದೇ ವಾರ ನನಗೊಂದು ಕೆಲಸ ಬಂತು. ನಮ್ಮ ಕನ್ನಡ ವಿಭಾಗದಲ್ಲಿ ಲೋಕದ ಹಬ್ಬಗಳ ಬಗ್ಗೆ ಹತ್ತು ಹತ್ತು ನಿಮಿಷದ ಮಾತು ನಡೆಯುತ್ತಿತ್ತು. ಅಕ್ಟೋಬರ್ ಮೂರನೇ ವಾರಕ್ಕೆ ಯಹೂದಿಗಳ ಹಬ್ಬ, ಬರೆದುಕೊಡಿ ಎಂದರು. ಹಬ್ಬವೇ ಇಲ್ಲದ ಮನೆಯವನಿಗೆ ಇದೇನು ಎಂದುಕೊಂಡೆ. ಹೈದರಾಬಾದಿನ ಕನ್ನಡಿಗರಿಗೆ ಯಹೂದಿಗಳಿಂದ ಏನಾಗಬೇಕು ಎಂದೂ ಅನ್ನಿಸಿತು.

ಓದಲು ಕೂತರೆ ಮೊದಲ ದಿನವೇ ನನ್ನ ಅಜ್ಞಾನಕ್ಕೆ ನನಗೇ ನಾಚಿಕೆಯಾಯಿತು. ಗೋಲ್ಕೊಂಡದಲ್ಲಿ ಕುತುಬ್ ಶಾಹಿಗಳು ಆಳುತ್ತಿದ್ದಾಗ ಸರ್ಮದ್ ಎಂಬ ಪರ್ಷಿಯನ್ ಕವಿ, ಫಕೀರ, ಇದೇ ಊರಲ್ಲಿದ್ದ. ಅವನು ಯಹೂದಿ ಮನೆತನದಲ್ಲಿ ಹುಟ್ಟಿದವನು. 1647ರಲ್ಲಿ ‘ದಬಿಸ್ತಾನ್-ಎ-ಮಜಾಹಿಬ್’ ಎಂಬ ಗ್ರಂಥದ ಕರ್ತೃ ಅವನನ್ನು ಇಲ್ಲಿ ಕಂಡು, ಯಹೂದಿ ಧರ್ಮದ ಸಂಗತಿಗಳನ್ನು ಅವನಿಂದ ತಿಳಿದುಕೊಂಡು ಬರೆದಿಟ್ಟ. ಆಮೇಲೆ ಸರ್ಮದ್ ದಿಲ್ಲಿಗೆ ಹೋದ, ಔರಂಗಜೇಬನ ಕಾಲದಲ್ಲಿ ಅವನ ತಲೆ ತೆಗೆದರು. ಜಾಮಾ ಮಸೀದಿಯ ಹತ್ತಿರ ಈಗಲೂ ಅವನ ಸಮಾಧಿ ಇದೆ. ಇನ್ನು ಇಲ್ಲಿಂದ ಒಂದು ರಾತ್ರಿಯ ಪ್ರಯಾಣದೊಳಗೆ, ಗುಂಟೂರು ಜಿಲ್ಲೆಯ ಚೇಬ್ರೋಲಿನ ಬಳಿಯ ಕೊತ್ತರೆಡ್ಡಿಪಾಲೆಂನಲ್ಲಿ, ಬೆನೆ ಎಫ್ರಾಯಿಮ್ ಎಂದು ತಮ್ಮನ್ನು ಕರೆದುಕೊಳ್ಳುವ ಕೆಲವು ತೆಲುಗು ಕುಟುಂಬಗಳು ಯಹೂದಿ ಹಬ್ಬಗಳನ್ನು ಆಚರಿಸುತ್ತವೆ. 1991ರಲ್ಲಿ ಅಲ್ಲಿ ಅವರದೊಂದು ಪ್ರಾರ್ಥನಾಮಂದಿರವೂ ಆಯಿತು. ಅಂದರೆ ನೆರೆಯವರೇ.

ಈಗ ಹಬ್ಬಕ್ಕೆ ಬರೋಣ. ಅದರ ಹೆಸರು ಸುಕ್ಕೋತ್. ಹೀಬ್ರೂ ಭಾಷೆಯಲ್ಲಿ ಹಾಗೆಂದರೆ ಗುಡಿಸಲುಗಳು. ಯಹೂದಿಗಳ ತಿಶ್ರೀ ತಿಂಗಳ ಹದಿನೈದನೆಯ ದಿನ, ಹುಣ್ಣಿಮೆಗೆ, ಶುರುವಾಗುತ್ತದೆ. ಅವರ ಪಂಚಾಂಗವೂ ನಮ್ಮ ಹಾಗೆ ಚಂದ್ರನ ಲೆಕ್ಕದ್ದು, ಅವರಲ್ಲೂ ಅಧಿಕ ಮಾಸ ಉಂಟು. ಹತ್ತೊಂಬತ್ತು ವರ್ಷದಲ್ಲಿ ಏಳು ಸಲ ಹದಿಮೂರನೆಯ ತಿಂಗಳು ಸೇರುತ್ತದೆ. ಹೀಗಾಗಿ ಎಷ್ಟೋ ವರ್ಷ ಅವರ ಸುಕ್ಕೋತೂ ನಮ್ಮ ಶೀಗಿ ಹುಣ್ಣಿಮೆಯೂ ಒಂದೇ ರಾತ್ರಿ ಬೀಳುತ್ತವೆ. 2024ರಲ್ಲಿ ಅಕ್ಟೋಬರ್ 16ರಂದು ಹಾಗಾಯಿತು, 2025ರಲ್ಲಿ ಅಕ್ಟೋಬರ್ 6ರಂದು ಮತ್ತೆ ಹಾಗೇ ಆಯಿತು.

ಸುಗ್ಗಿಯ ಹಬ್ಬ ಅದು. ಫಸಲು ಮನೆಗೆ ಬಂದ ಮೇಲೆ ಮಾಡುವಂಥದ್ದು. ಕಣಜ ತುಂಬಿದೆ, ಗಟ್ಟಿ ಮನೆ ಇದೆ, ಇನ್ನು ಹಾಯಾಗಿ ಕಾಲು ಚಾಚಬಹುದು ಅನ್ನುವ ಹೊತ್ತಿಗೆ ಸರಿಯಾಗಿ ಮನೆ ಬಿಟ್ಟು ಹೊರಗೆ ಬನ್ನಿ ಎನ್ನುತ್ತದೆ ನಿಯಮ. ಹೊರಗೊಂದು ಗುಡಿಸಲು ಕಟ್ಟಿ ಏಳು ದಿನ ಅಲ್ಲೇ ಉಣ್ಣಬೇಕು, ಆದರೆ ಅಲ್ಲೇ ಮಲಗಬೇಕು. ಈಜಿಪ್ಟಿನ ದಾಸ್ಯದಿಂದ ಬಿಡಿಸಿಕೊಂಡು ಮರುಭೂಮಿಯಲ್ಲಿ ಅಲೆದ ಪೂರ್ವಿಕರು ಇಂಥ ಗುಡಿಸಲಲ್ಲಿ ಇದ್ದರು ಎಂಬುದರ ನೆನಪು. ಗುಡಿಸಲಿಗೂ ಕಟ್ಟುನಿಟ್ಟಿನ ನಿಯಮಗಳಿವೆ. ಮಾಡಿಗೆ ತಗಡು, ಬಟ್ಟೆ ನಡೆಯುವುದಿಲ್ಲ. ನೆಲದಲ್ಲಿ ಬೆಳೆದು, ಕಡಿದು ತಂದ ಸೊಪ್ಪು ಸದೆಯೇ ಆಗಬೇಕು. ಕೊಚ್ಚಿಯ ಯಹೂದಿಗಳು ತೆಂಗಿನ ಗರಿ ಹೊದಿಸುತ್ತಿದ್ದರು. ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ಆದರೆ ರಾತ್ರಿ ಸಂದಿಯಿಂದ ನಕ್ಷತ್ರ ಕಂಡರೆ ಒಳ್ಳೆಯದು. ಮಳೆ ಬಂದರೆ ಸೋರುತ್ತದಲ್ಲ? ಸೋರುತ್ತದೆ. ಹಾಗೆ ತೊಂದರೆಯಾದವರು ಮನೆಯೊಳಗೆ ಹೋಗಬಹುದು, ದೋಷವಿಲ್ಲ. ಈ ವಿನಾಯಿತಿ ಓದಿ ನನಗೆ ಆ ಹಬ್ಬದ ಮೇಲೆ ಪ್ರೀತಿ ಹುಟ್ಟಿತು.

ಹೀಗೆ ಸೋರುವ ಮಾಡಿನ ಹಬ್ಬಕ್ಕೆ ಅವರ ಪ್ರಾರ್ಥನೆಯಲ್ಲಿರುವ ಇನ್ನೊಂದು ಹೆಸರು ‘ನಮ್ಮ ಸಂತೋಷದ ಕಾಲ’. ಬೇರೆ ಹಬ್ಬಗಳಿಗಿಲ್ಲದ ಈ ಹೆಸರು ಇದಕ್ಕೆ ಮಾತ್ರ ಇದೆ.

ಮಾಡು, ಕಡಿದ ಸೊಪ್ಪು, ಹೊರಗೆ ಕೂತು ಊಟ. ಓದುತ್ತ ಓದುತ್ತ ನನಗೆ ಜೋಳದ ಹೊಲದ ವಾಸನೆ ಬರತೊಡಗಿತು. ಬೀದರ್, ಕಲಬುರಗಿ ಕಡೆಯ ಕೇಳುಗರು ಈಗಾಗಲೇ ನನಗಿಂತ ಮುಂದೆ ಹೋಗಿರುತ್ತೀರಿ. ಎಳ್ಳಮಾಸಿ! ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಬರುವ ಎಳ್ಳಮಾವಾಸ್ಯೆಯ ದಿನ ನಮ್ಮ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ. ಇಡೀ ಊರು ಹೊಲದಲ್ಲಿ. ಜೋಳದ ಕಣಕಿ ನಿಲ್ಲಿಸಿ ಒಂದು ಕೊಂಪಿ ಕಟ್ಟುತ್ತಾರೆ. ಒಳಗೆ ಐದು ಸಣ್ಣ ಕಲ್ಲಿಗೆ ಸುಣ್ಣ ಹಚ್ಚಿ, ಇವರು ಪಾಂಡವರು ಎಂದು ಕೂಡಿಸುತ್ತಾರೆ. ಹಸಿ ಕಾಳು, ಸೊಪ್ಪು ಎಲ್ಲ ಹಾಕಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಮಡಕೆಯಲ್ಲಿ ಅಂಬಲಿ. ಹೊಲದ ತುಂಬ ಚರಗ ಚೆಲ್ಲಿ ಬಂದ ಮೇಲೆ ಊಟ. ಆ ದಿನ ಹಾದಿಯಲ್ಲಿ ಹೋಗುವ ಅಪರಿಚಿತರನ್ನೂ ಕರೆದು ಉಣ್ಣಿಸದೆ ಬಿಡುವುದಿಲ್ಲ. ಹೆದ್ದಾರಿ ಪಕ್ಕದ ಹೊಲದಲ್ಲಿ ಅಪ್ಪ ಲಾರಿ ನಿಲ್ಲಿಸಿ ಡ್ರೈವರನಿಗೆ ಅಂಬಲಿ ಕುಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆತ ಪಂಜಾಬಿನವನು. ಮಾತು ಒಂದೂ ತಿಳಿಯಲಿಲ್ಲ, ಎರಡು ಲೋಟ ಕುಡಿದ.

ಸುಕ್ಕೋತಿನಲ್ಲೂ ಅತಿಥಿಗಳಿದ್ದಾರೆ. ನೆರೆಹೊರೆಯವರು ಸರಿಯೇ ಸರಿ. ಅವರ ಜೊತೆಗೆ ರಾತ್ರಿಗೊಬ್ಬರಂತೆ ಏಳು ಹಿರಿಯರನ್ನು ಒಳಗೆ ಕರೆಯುವ ಪದ್ಧತಿ ಇದೆ. ಅಬ್ರಹಾಂ, ಇಸಾಕ್, ಯಾಕೋಬ್, ಮೋಶೆ, ಆರೋನ್, ಯೋಸೇಫ್, ದಾವೀದ್. ಎಲ್ಲ ಸಾವಿರಾರು ವರ್ಷದ ಹಿಂದೆ ಹೋದವರು. ಬನ್ನಿ, ಕೂತುಕೊಳ್ಳಿ ಎಂದು ಕರೆದು ಆಮೇಲೆ ಊಟ.

ಇಷ್ಟು ಬರೆದು ಸ್ಕ್ರಿಪ್ಟು ಮುಗಿಸಬಹುದಿತ್ತು. ಹತ್ತು ನಿಮಿಷಕ್ಕೆ ಧಾರಾಳವಾಗಿ ಸಾಕು. ಆದರೆ ಅಫ್ಜಲ್‌ಗಂಜಿನ ಸ್ಟೇಟ್ ಸೆಂಟ್ರಲ್ ಲೈಬ್ರರಿಯಲ್ಲಿ ಕೂತು ಪುಟ ತಿರುವುವಾಗ ಎರಡು ನಿಯಮಗಳು ಕಣ್ಣಿಗೆ ಬಿದ್ದವು. ಒಂದನ್ನು ಓದಿ ಪುಸ್ತಕ ಮುಚ್ಚಿ ಹೊರಗೆ ಬಂದು, ಇರಾನಿ ಚಹಾ ಕುಡಿದು, ಮತ್ತೆ ಒಳಗೆ ಹೋಗಿ ಇನ್ನೊಂದು ಸಲ ಓದಿದೆ.

ಮೊದಲನೆಯದು ಸಾವಿನ ಬಗ್ಗೆ. ತಂದೆ, ತಾಯಿ, ಗಂಡ, ಹೆಂಡತಿ, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಯಾರು ಹೋದರೂ ಯಹೂದಿಗಳು ಏಳು ದಿನ ಮನೆಯಲ್ಲಿ ತಗ್ಗಾದ ಪೀಠದ ಮೇಲೆ ಕೂತು ಶೋಕ ಆಚರಿಸುತ್ತಾರೆ. ಆ ಏಳು ದಿನ ಶುರುವಾಗಿ, ಮುಗಿಯುವ ಮೊದಲೇ ಸುಕ್ಕೋತ್ ಬಂದರೆ? ಶೋಕ ಅಲ್ಲಿಗೆ ನಿಂತಿತು. ಮಣ್ಣು ಮಾಡಿ ಎರಡೇ ದಿನವಾಗಿದ್ದರೂ ಸರಿ, ಎದ್ದು ಸ್ನಾನ ಮಾಡಿ ಗುಡಿಸಲಿಗೆ ಹೋಗಬೇಕು. ಹಬ್ಬದ ನಡುವೆಯೇ ಸಾವಾದರೆ ಏಳು ದಿನದ ಲೆಕ್ಕ ಹಬ್ಬ ಮುಗಿದ ಮೇಲೆ. ತಂದೆ ತಾಯಿಗಾದರೆ ಅವರಲ್ಲೂ ವರ್ಷದ ಕಟ್ಟಳೆ ಇದೆ. ಹನ್ನೆರಡು ತಿಂಗಳು ಸಂಗೀತ, ಔತಣ ಬೇಡ. ಆದರೆ ಹಬ್ಬ ನಿಲ್ಲುವುದಿಲ್ಲ. ನಮ್ಮಲ್ಲಿ ಸಾವು ಹಬ್ಬವನ್ನು ತಡೆಯುತ್ತದೆ, ಅವರಲ್ಲಿ ಹಬ್ಬ ಸಾವಿನ ಶೋಕವನ್ನು ತಡೆಯುತ್ತದೆ.

ಮೊದಲು ನನಗೆ ಸಿಟ್ಟೇ ಬಂತು. ಅಪ್ಪನ ಮುಖ ಇನ್ನೂ ಕಣ್ಣಲ್ಲಿರುವಾಗ ಎದ್ದು ಹೋಳಿಗೆ ತಿನ್ನು ಎಂದು ಯಾರಾದರೂ ನನಗೆ ಹೇಳಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ಸಂತೋಷವನ್ನು ಅಪ್ಪಣೆ ಕೊಟ್ಟು ತರಿಸಲಾಗುತ್ತದೆಯೇ? ಇದನ್ನೇ ಅವರಲ್ಲಿ ಹಿಂದಿನಿಂದ ಬಲ್ಲವರು ಕೇಳಿಕೊಂಡಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ, ಅಂದರೆ ಕಲ್ಯಾಣದಲ್ಲಿ ಶರಣರು ಇದ್ದ ಕಾಲಕ್ಕೇ, ಈಜಿಪ್ಟಿನ ಕೈರೋ ಬಳಿ ವೈದ್ಯನಾಗಿದ್ದ ಮೈಮೊನಿಡೀಸ್ ಎಂಬ ಪಂಡಿತ ಹಬ್ಬದ ನಿಯಮಗಳನ್ನು ಬರೆದಿಟ್ಟಿದ್ದಾನೆ. ಅವನು ಮನಸ್ಸಿನ ಸುದ್ದಿಗೆ ಹೋಗುವುದೇ ಇಲ್ಲ. ಮಕ್ಕಳಿಗೆ ಹುರಿಗಾಳು, ಸಿಹಿ ಕೊಡಿ ಎನ್ನುತ್ತಾನೆ. ಹೆಣ್ಣುಮಕ್ಕಳಿಗೆ ಕೈಲಾದ ಬಟ್ಟೆ, ಒಡವೆ ತನ್ನಿ ಎನ್ನುತ್ತಾನೆ. ಬಾಗಿಲು ಹಾಕಿಕೊಂಡು ತನ್ನ ಹೆಂಡತಿ ಮಕ್ಕಳ ಜೊತೆ ಉಂಡು, ಬಡವರಿಗೆ ಕೊಡದಿದ್ದರೆ ಅದು ಹಬ್ಬದ ಸಂತೋಷವಲ್ಲ, ಬರೀ ಹೊಟ್ಟೆಯ ಸಂತೋಷ ಎಂದು ಬೈಯುತ್ತಾನೆ. ನಿನಗೆ ಏನು ಅನ್ನಿಸುತ್ತಿದೆ ಎಂದು ಅವನು ಕೇಳುವುದಿಲ್ಲ, ನೀನು ಯಾರಿಗೆ ಬಡಿಸಿದೆ ಎಂದು ಕೇಳುತ್ತಾನೆ. ಅನ್ನಿಸುವುದು ಬಿಡುವುದು ಕೈಯಲ್ಲಿಲ್ಲ, ಬಡಿಸುವುದು ಕೈಯಲ್ಲಿದೆ.

ಎರಡನೆಯದು ಇನ್ನೂ ಹಳೆಯದು, ಅವರ ಧರ್ಮಗ್ರಂಥದ್ದೇ. ಗುಡಿಸಲಿನ ಹಬ್ಬದಲ್ಲಿ ಸಂತೋಷಪಡಬೇಕು ಎಂದು ಹೇಳುವ ಕಡೆ ಯಾರು ಯಾರು ಎಂದೂ ಪಟ್ಟಿ ಕೊಟ್ಟಿದೆ. ನೀನು, ನಿನ್ನ ಮಗ, ಮಗಳು, ಆಳುಕಾಳು, ಹೊಲವಿಲ್ಲದ ಪುರೋಹಿತ, ಪರದೇಶಿ, ತಂದೆಯಿಲ್ಲದವನು, ವಿಧವೆ.

ಅಲ್ಲಿ ನನ್ನ ಬೆರಳು ನಿಂತಿತು. ಹಬ್ಬದ ಪಟ್ಟಿಯಲ್ಲಿ ವಿಧವೆಯ ಹೆಸರು! ಕನಿಕರಪಟ್ಟು ಎಡೆ ಕಳಿಸಬೇಕಾದವರ ಪಟ್ಟಿಯಲ್ಲ ಅದು, ಜೊತೆಗೆ ಕೂತು ಸಂತೋಷಪಡಬೇಕಾದವರ ಪಟ್ಟಿ. ಬಾಲ್ಕನಿಯಲ್ಲಿ ಬಟ್ಟೆಯ ಹಿಂದೆ ನಿಂತ ಅವ್ವ ಕಣ್ಣ ಮುಂದೆ ಬಂದಳು. ತಂದೆಯಿಲ್ಲದವನು ಅಂದರೆ ಚಿಕ್ಕ ಹುಡುಗ ಎಂದೇ ಅಂದುಕೊಂಡಿದ್ದೆ. ಮೂವತ್ತಾರು ವರ್ಷದ ನಾನೂ ಈಗ ಆ ಸಾಲಿನವನೇ.

ಸ್ಕ್ರಿಪ್ಟಿನ ಕೊನೆಗೆ ಭಾರತದ ಯಹೂದಿಗಳ ಬಗ್ಗೆ ಒಂದು ಪ್ಯಾರಾ ಬೇಕಿತ್ತು. ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ ಇದೆ, ಆದರೆ ಅಲ್ಲಿನವರು ಬಹುತೇಕ ಎಲ್ಲರೂ 1950ರ ದಶಕದಿಂದ ಇಸ್ರೇಲಿಗೆ ಹೊರಟು ಹೋದರು. ಕೊಂಕಣದಲ್ಲಿ ಬೆನೆ ಇಸ್ರೇಲಿಗಳು. ಗಾಣದಲ್ಲಿ ಎಣ್ಣೆ ತೆಗೆಯುತ್ತಿದ್ದ ಇವರು ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು ‘ಶನಿವಾರ ತೇಲಿ’ ಎಂದು ಕರೆದರು. ಮನೆಮಾತು ಮರಾಠಿ. ಇವರ ಹೊಸ ವರ್ಷದ ಹಬ್ಬದ ಬೆನ್ನಿಗೆ ‘ಖೀರೀಚಾ ಸಣ’ ಎಂದು ಪಾಯಸದ ಹಬ್ಬವೇ ಒಂದಿದೆ. ಹರಕೆ ತೀರಿದಾಗ, ಮನೆಯಲ್ಲಿ ಶುಭಕಾರ್ಯವಾದಾಗ ಎಲಿಯಾ ಪ್ರವಾದಿಯನ್ನು ನೆನೆದು ನೆನೆಸಿದ ಅವಲಕ್ಕಿಗೆ ಬೆಲ್ಲ ಅಥವಾ ಸಕ್ಕರೆ, ತೆಂಗಿನ ತುರಿ, ಏಲಕ್ಕಿ ಬೆರೆಸಿ, ಹಣ್ಣಿನ ಜೊತೆ ತಟ್ಟೆಯಲ್ಲಿಟ್ಟು ಪ್ರಾರ್ಥಿಸಿ ಎಲ್ಲರಿಗೂ ಹಂಚುತ್ತಾರೆ. ಅದಕ್ಕೆ ಅವರು ಹೇಳುವ ಹೆಸರು ಮಲಿದಾ.

ಫ್ರಿಜ್ಜಿನ ಮೇಲಿನ ಡಬ್ಬಿ ನೆನಪಾಯಿತು. ತಿಕ್ಕಿದ್ದು ಎಂಬ ಅರ್ಥದ ಒಂದು ಪರ್ಷಿಯನ್ ಶಬ್ದ ಬತುಕಮ್ಮನ ತಟ್ಟೆಗೂ, ನಮ್ಮೂರಿನ ಪೀರ ಹಬ್ಬದ ಮಲೀದೆಗೂ, ಕೊಂಕಣದ ಯಹೂದಿಗಳ ಅವಲಕ್ಕಿಗೂ ಹೋಗಿ ಕೂತಿದೆ. ಮನೆಗೆ ಹೋಗಿ ನೋಡಿದರೆ ಡಬ್ಬಿ ಖಾಲಿ. ಇಬ್ಬರು ಸೇರಿ ಮುಗಿಸಿದ್ದರು, ಅಜ್ಜಿ ಮೊಮ್ಮಗಳು. ಖಾಲಿ ಡಬ್ಬಿ ವಾಪಸು ಕೊಡಬಾರದೆಂದು ಅವ್ವ ಅದರಲ್ಲಿ ಶೇಂಗಾ ಹಿಂಡಿ ತುಂಬುತ್ತಿದ್ದಳು.

ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಈ ಹಬ್ಬದ ಕೊನೆಯ ದಿನ ಸಿಮ್ಹಾತ್ ತೋರಾ. ಧರ್ಮಗ್ರಂಥದ ಸುರುಳಿಗಳನ್ನು ಎತ್ತಿಕೊಂಡು ಕುಣಿಯುವ ದಿನ. 2023ರ ಅಕ್ಟೋಬರ್ 7, ಇಸ್ರೇಲಿನಲ್ಲಿ ಅದೇ ದಿನವಾಗಿತ್ತು. ಅಂದು ಬೆಳಿಗ್ಗೆ ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತರು. ಅದರ ಬೆನ್ನಿಗೆ ನಡೆದ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ, ಅವರಲ್ಲಿ ಎಷ್ಟೋ ಮಕ್ಕಳು, ಸತ್ತರು. ನಾನು ಸ್ಕ್ರಿಪ್ಟು ಬರೆಯುತ್ತಿದ್ದ 2024ರಲ್ಲಿ, ಆ ತಿಥಿ ಮತ್ತೆ ಬಂದಾಗ ಕುಣಿಯಬೇಕೋ ಬೇಡವೋ ಎಂದು ಅವರಲ್ಲೇ ಚರ್ಚೆ ನಡೆದಿತ್ತು. ಅಲ್ಲಿನ ರಾಜಕೀಯ ಈ ಹತ್ತು ನಿಮಿಷದ್ದಲ್ಲ. ಆದರೆ ಆ ಹಳೆಯ ಪಟ್ಟಿಯಲ್ಲಿ ಪರದೇಶಿಯೂ ಇದ್ದಾನೆ, ತಂದೆಯಿಲ್ಲದವನೂ ಇದ್ದಾನೆ. ಅವರು ಗಡಿಯ ಯಾವ ಬದಿಯವರು ಎಂದು ಪಟ್ಟಿ ಹೇಳುವುದಿಲ್ಲ ಎಂದಷ್ಟೇ ಬರೆದೆ.

ಪ್ರಸಾರವಾದ ದಿನ ಅವ್ವ ಅಡುಗೆಮನೆಯಲ್ಲಿ ಕೇಳಿದ್ದಳು. ಮನೆಗೆ ಬಂದವನನ್ನು ಮೊದಲು ಕೇಳಿದ್ದೇ ಇದು: “ಆ ಮಂದಿನೂ ಕೊಂಪಿ ಕಟ್ತಾರಂತಲ್ಲ. ಶಹರದಾಗ ಅವರಿಗಿ ಕಣಕಿ ಎಲ್ಲಿ ಸಿಗ್ತದ?” ಆಮೇಲೆ ತುಸು ಹೊತ್ತು ಬಿಟ್ಟು, ಒಗ್ಗರಣೆಯ ಕಡೆ ನೋಡುತ್ತ, “ರಂಡಿಮುಂಡ್ಯಾರಿಗೂ ಕರೀತಾರಂತ, ಖರೇನೇ?” ಅಂದಳು. ಹೌದು ಅಂದೆ. ಆ ಶಬ್ದವನ್ನು ಅವಳು ತನಗಾಗಿ ಬಳಸಿದ್ದನ್ನು ನಾನು ಮೊದಲ ಸಲ ಕೇಳಿದ್ದು.

ಡಿಸೆಂಬರ್ 30, ಸೋಮವಾರ, ಎಳ್ಳಮಾಸಿ. ನಾವು ಹೋಗುವ ಮಾತೇ ಇರಲಿಲ್ಲ. ಹೊಲ ಪಾಲಿಗೆ ಮಾಡುವ ಕಾಕಾ ಎರಡು ದಿನ ಮೊದಲು ಫೋನ್ ಮಾಡಿದರು. “ಕೊಂಪಿ ಕಟ್ಟೀನಿ. ನಿಮ್ಮಪ್ಪ ಕಟ್ತಿದ್ದ ಜಾಗದಾಗೇ ಕಟ್ಟೀನಿ. ವೈನೀಗಿ ಕರ್ಕೊಂಡು ಬಾ. ಪೂಜಿ ನಾವು ಮಾಡ್ತೀವಿ, ನೀವು ಉಣ್ಲಾಕ ಬರ್ರಿ” ಅಂದರು. ಅವ್ವ ಬೇಡ ಅನ್ನುತ್ತಾಳೆ ಅಂದುಕೊಂಡೆ. ಅವಳು ಕಪಾಟಿನಿಂದ ಸಜ್ಜೆ ಹಿಟ್ಟಿನ ಡಬ್ಬಿ ಇಳಿಸಿದಳು. ಭಾನುವಾರ ಇಮ್ಲಿಬನ್‌ನಲ್ಲಿ ಬಸ್ಸು ಹತ್ತಿ ಜಹೀರಾಬಾದ್ ದಾಟುವಾಗ ಹೊರಗೆ ಕಡಲೆ, ಜೋಳ ಹಸಿರಾಗಿ ನಿಂತಿದ್ದವು. ಇಡೀ ದಾರಿ ಅವಳು ಬೆಳೆಯ ಬಗ್ಗೆಯೇ ಮಾತಾಡಿದಳು.

ಪೂಜೆಯ ಹೊತ್ತಿಗೆ ಅವ್ವ ಬದುವಿನ ಮೇಲೆ ಕೂತಿದ್ದಳು. ಅದನ್ನು ಯಾರೂ ಬದಲಿಸಲಾಗಲಿಲ್ಲ, ನಾನು ಸುಳ್ಳು ಹೇಳುವುದಿಲ್ಲ. ಆದರೆ ಬಡಿಸಲು ಅವಳೇ ಎದ್ದಳು. ಭಜ್ಜಿಗೆ ಉಪ್ಪು ಕಡಿಮೆ ಎಂದು ಕಾಕಾನ ಸೊಸೆಗೆ ಅಂದಳು. ಹೆದ್ದಾರಿಯಲ್ಲಿ ಮೋಟರ್‌ಸೈಕಲ್ ಮೇಲೆ ಹೋಗುತ್ತಿದ್ದ ಇಬ್ಬರು ಹುಡುಗರನ್ನು ಕೂಗಿ ಕರೆದು ಕೂಡಿಸಿದಳು. ನನ್ನ ಮಗಳು ಕೊಂಪಿಯೊಳಗೆ ನುಸುಳಿ, ಬದುವಿನಿಂದ ತಂದ ಒಂದು ಕಲ್ಲನ್ನು ಐದು ಕಲ್ಲುಗಳ ಸಾಲಿನ ಕೊನೆಗಿಟ್ಟಳು. ಇದು ಅಜ್ಜ ಅಂದಳು. “ಪಾಂಡವರು ಐದೇ ಮಂದಿ, ಪುಟ್ಟಿ” ಅಂದರು ಕಾಕಾ. ಅವ್ವ ಒಳಗೆ ಬಗ್ಗಿ ನೋಡಿ, “ಇರ್ಲಿ ಬಿಡಪಾ” ಅಂದು, ಅದಕ್ಕೂ ಒಂದಿಷ್ಟು ಸುಣ್ಣ ಹಚ್ಚಿದಳು.

ಮಂಗಳವಾರ ರಾತ್ರಿ ಹೈದರಾಬಾದಿಗೆ ಬಂದೆವು. ಎದುರುಮನೆಯ ಆಂಟಿಗೆ ಭಜ್ಜಿಯ ಡಬ್ಬಿ ಹೋಯಿತು. ಬುಧವಾರ ಜನವರಿ 1, ಬೆಳಗಿನ ಸರದಿ ನನ್ನದೇ. ಕೆಂಪು ದೀಪ ಹತ್ತಿತು. ‘ಹೊಸ ವರ್ಷದ ಶುಭಾಶಯಗಳು’ ಅಂದೆ. ಹೊಲದ ಚಳಿಗೆ ಗಂಟಲು ಕಟ್ಟಿತ್ತು, ನಿಮ್ಮಲ್ಲಿ ಕೆಲವರು ಫೋನ್ ಮಾಡಿ ವಿಚಾರಿಸಿದಿರಿ.